ನೀಲವ್ವನ ಹದಿನಾಲ್ಕು ಹೆಜ್ಜೆ

ದೆವ್ವ, ಪೀಡೆ, ಗಾಳಿ ಸೋಕಿತು ಎಂಬ ಮಾತು ಬಂದರೆ ನಾನು ಎದ್ದು ಚಹಾ ಮಾಡಲು ಹೋಗುವವಳು. ಅಗಡಿಯ ನನ್ನ ತವರುಮನೆಯಲ್ಲಿ ದೊಡ್ಡವ್ವ ಹುಣಸೆಮರದ ಕತೆ ಶುರು ಮಾಡಿದರೆ ಉಳಿದ ಮಕ್ಕಳೆಲ್ಲ ಆಕೆಯ ಸೀರೆಗೆ ಅಂಟಿಕೊಳ್ಳುತ್ತಿದ್ದರು. ನಾನೊಬ್ಬಳೇ "ಎಷ್ಟು ಗಂಟೆಕ್ಕ ಬಂತು ಅದು? ನೀ ಕಣ್ಣಾರೆ ನೋಡೀಯೇನು?" ಎಂದು ಅಡ್ಡಬಾಯಿ ಹಾಕಿ ಬೈಸಿಕೊಳ್ಳುತ್ತಿದ್ದೆ. ಅಂಥವಳು ಇದನ್ನು ಬರೆಯಲು ಕುಳಿತಿದ್ದೇನೆ. ನೀವು ನಕ್ಕರೆ ನನ್ನ ಅಭ್ಯಂತರವಿಲ್ಲ, ಇಂಥದ್ದನ್ನು ಬೇರೆಯವರು ಹೇಳಿದಾಗ ನಾನೂ ಸಾಕಷ್ಟು ನಕ್ಕಿದ್ದೇನೆ.

ಮದುವೆಯಾಗಿ ರಾಣೆಬೆನ್ನೂರಿಗೆ ಬಂದ ಮೇಲೆ ನಾನು ಹಿಡಿದ ಕೆಲಸವೂ ನನ್ನ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು. ನನ್ನ ಯಜಮಾನರು ಕ್ಯಾಮೆರಾ ಹೊತ್ತುಕೊಂಡು ಮದುವೆ, ಬಸುರಿಯರ ಕುಬಸ, ಮನೆ ಒಕ್ಕಲು ಎಂದು ಊರೂರು ತಿರುಗುವವರು. ಅವರು ತಂದದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಸಿ.ಡಿ. ಮಾಡುವುದು ನನ್ನ ಪಾಲು. ಬಸ್‌ಸ್ಟ್ಯಾಂಡಿನ ಹತ್ತಿರ ಮಹಡಿಯ ಮೇಲೆ ನಮ್ಮದೊಂದು ಸಣ್ಣ ಸ್ಟುಡಿಯೊ. ಮಗಳನ್ನು ಗಂಡನ ಮನೆಗೆ ಕಳಿಸುವ ವಿಡಿಯೊ ನೋಡಿ ಇಡೀ ಬೀಗರ ಮನೆ ಅತ್ತಿತು ಎಂದು ಯಾರಾದರೂ ಹೇಳಿದರೆ ನನಗೆ ಒಳಗೊಳಗೇ ನಗು. ಆ ಜಾಗದಲ್ಲಿ ಚಿತ್ರವನ್ನು ನಿಧಾನ ಮಾಡಿದ್ದು ನಾನು, ಅಳಿಸಿದ್ದೂ ನಾನು. ಕಣ್ಣಿಗೆ ಕಾಣುವುದನ್ನೆಲ್ಲ ಕೈಯಾರೆ ಮಾಡಬಹುದು ಎಂದು ಗೊತ್ತಿದ್ದವರಿಗೆ ದೆವ್ವದ ಭಯ ಹುಟ್ಟುವುದು ಕಷ್ಟ.

ಒಂದು ಸಣ್ಣ ವಿಷಯವನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ವಿಡಿಯೊ ಎಂದರೆ ಒಂದರ ಹಿಂದೊಂದು ಸಾಲಾಗಿ ಬರುವ ಫೋಟೊಗಳು, ಅಷ್ಟೆ. ಒಂದೊಂದು ಫೋಟೊಕ್ಕೂ ಫ್ರೇಮ್ ಎನ್ನುತ್ತೇವೆ. ಒಂದು ಸೆಕೆಂಡಿಗೆ ಎಷ್ಟು ಫ್ರೇಮ್ ತೋರಿಸಬೇಕು ಎನ್ನುವುದು ಫೈಲಿನ ತಲೆಯಲ್ಲೇ ಬರೆದಿರುತ್ತದೆ. ಕಂಪ್ಯೂಟರು ಪಾಪ, ಬರೆದದ್ದನ್ನು ನಂಬುತ್ತದೆ. ಮೊಬೈಲಿನಲ್ಲಿ ವಿಡಿಯೊ ಹೊಸದಾಗಿ ಬಂದ ವರ್ಷಗಳವು. ಆಗಿನ ಮೊಬೈಲು ಸೆಕೆಂಡಿಗೆ ಹದಿನೈದು ಫ್ರೇಮ್ ಹಿಡಿದರೆ ಹೆಚ್ಚು. ಆದರೆ ನಮ್ಮ ಟಿವಿಗಳ ಲೆಕ್ಕ ಇಪ್ಪತ್ತೈದು. ಹೀಗಾಗಿ ನಮ್ಮ ಕಡೆಯ ಸೈಬರ್ ಕೆಫೆಯವರಿಗೆ ಇಪ್ಪತ್ತೈದು ಎನ್ನುವುದು ಕೈಗೆ ಕುಳಿತುಬಿಟ್ಟಿತ್ತು. ಯಾವ ಫೈಲು ಬರಲಿ, ಸಿ.ಡಿ.ಗೆ ಬದಲಾಯಿಸುವಾಗ ಕಣ್ಣು ಮುಚ್ಚಿ ಇಪ್ಪತ್ತೈದು ಒತ್ತುತ್ತಿದ್ದರು. ಹದಿನೈದರದಕ್ಕೆ ಇಪ್ಪತ್ತೈದು ಎಂದು ಬರೆದರೆ ಏನಾಗುತ್ತದೆ? ಐದು ನಿಮಿಷದ ಚಿತ್ರ ಮೂರೇ ನಿಮಿಷಕ್ಕೆ ಮುಗಿಯುತ್ತದೆ. ಜನ ಕೋಳಿಗಳ ಹಾಗೆ ತಟಪಟ ಓಡಾಡುತ್ತಾರೆ. ಧ್ವನಿ ಮಾತ್ರ ತನ್ನ ಪಾಡಿಗೆ ಐದು ನಿಮಿಷ ಪೂರಾ ಮಾತಾಡುತ್ತಿರುತ್ತದೆ. ಇಂಟರ್ನೆಟ್ಟಿನಿಂದ ಇಳಿಸಿಕೊಂಡು ಬಂದ ಇಂಥ ಫೈಲುಗಳನ್ನು ವಾರಕ್ಕೆ ಒಂದೆರಡಾದರೂ ನಾನು ಸರಿ ಮಾಡಿಕೊಡುತ್ತಿದ್ದೆ. ಒಟ್ಟು ಫ್ರೇಮುಗಳನ್ನು ಧ್ವನಿಯ ಸೆಕೆಂಡುಗಳಿಂದ ಭಾಗಿಸಿದರೆ ಖರೇ ಲೆಕ್ಕ ಸಿಗುತ್ತದೆ. ನಾಲ್ಕನೆಯ ಇಯತ್ತೆಯ ಗಣಿತ. ಅದರಲ್ಲಿ ದೆವ್ವಕ್ಕೆ ಜಾಗ ಎಲ್ಲಿದೆ ಹೇಳಿ.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ. ಯಜಮಾನರು ಹಾವೇರಿಗೆ ಒಂದು ಮದುವೆಗೆ ಹೋಗಿದ್ದರು. ನಾನು ಬುತ್ತಿ ಉಂಡು ಕೈ ತೊಳೆಯುತ್ತಿದ್ದೆ. ಮೆಟ್ಟಿಲ ಮೇಲೆ ಕೋಲಿನ ಸದ್ದಾಯಿತು, ಅದರ ಹಿಂದೆಯೇ ಮೆಣಸಿನಕಾಯಿ ಘಾಟು ಬಂದು ನನಗೆ ಮೂರು ಸೀನು ಬಂದವು. ಬಂದವರು ಬ್ಯಾಡಗಿಯವರು ಎಂದು ಮುಖ ನೋಡುವ ಮೊದಲೇ ತಿಳಿಯಿತು. ಎಪ್ಪತ್ತರ ಹತ್ತಿರದ ಹಿರಿಯರು, ಬಿಳಿ ಧೋತರ, ಬಿಳಿ ಟೊಪ್ಪಿಗೆ. ಹೆಸರು ಬಸವಣ್ಣೆಪ್ಪ. ಪೇಟೆಯಲ್ಲಿ ಅವರದು ಮೆಣಸಿನಕಾಯಿ ದಲಾಲಿ ಅಂಗಡಿ.

"ಇಲ್ಲೇ ಏನವಾ, ಕೆಟ್ಟ ವಿಡಿಯೊ ರಿಪೇರಿ ಮಾಡೋದು?"

"ಹೌದ್ರಿ ಕಾಕಾ, ಬರ್ರಿ, ಕುಂದರ್ರಿ," ಎಂದು ಕುರ್ಚಿ ಎಳೆದು ಕೊಟ್ಟೆ.

ಅವರು ಕಿಸೆಯಿಂದ ಒಂದು ಸಿ.ಡಿ. ತೆಗೆದು, ಅದನ್ನು ನನಗೆ ಕೊಡದೆ ಕೈಯಲ್ಲೇ ಹಿಡಿದುಕೊಂಡು ವಿಷಯ ಹೇಳಿದರು. ಅವರ ಮಗಳು ಶಾರದಾ ಹಾವೇರಿಯಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಮೂರು ತಿಂಗಳ ಹಿಂದೆ ಅದರ ಒಕ್ಕಲಿನ ದಿನ ಕಾಕಾನ ಹೆಂಡತಿ ನೀಲವ್ವ ಊಟದ ಹೊತ್ತಿಗೆ ಎದೆ ಹಿಡಿದುಕೊಂಡು ಕುಸಿದರು. ದವಾಖಾನೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ಅವತ್ತು ಅಳಿಯನ ಕಡೆಯವರೊಬ್ಬರು ಹೊಸ ಮೊಬೈಲಿನಲ್ಲಿ ಐದು ನಿಮಿಷ ವಿಡಿಯೊ ಹಿಡಿದಿದ್ದರಂತೆ. ಅದನ್ನು ಇಂಟರ್ನೆಟ್ಟಿಗೆ ಹಾಕಿ ಕಳಿಸಿದ್ದನ್ನು ಶಾರದಾ ಸೈಬರ್ ಕೆಫೆಯಲ್ಲಿ ಇಳಿಸಿ ಸಿ.ಡಿ. ಮಾಡಿಸಿದ್ದಳು. ನೀಲವ್ವ ನಡೆದಾಡುವ ಚಿತ್ರ ಎಂದರೆ ಆ ಮನೆತನದಲ್ಲಿ ಇದೊಂದೇ. ಅದರಲ್ಲಿ ನೀಲವ್ವ ಬಾಗಿಲಿನಿಂದ ಗಂಡನ ಕುರ್ಚಿಯ ತನಕ ದಡದಡ ಓಡಿ ಬರುತ್ತಾರೆ. ಗಂಡ ಬಾಗಿಲಿಗೆ ಬೆನ್ನು ಹಾಕಿ ಪೇಟೆಯ ಗೆಳೆಯರ ಜೊತೆ ಮಾತಿಗೆ ಕುಳಿತಿದ್ದಾರೆ. ಅದನ್ನು ನೋಡಿದ ಮಗಳು, "ಅವ್ವ ಜೀವಾ ಕೈಯಾಗ ಹಿಡಕೊಂಡು ನಿನ್ನ ಕಡೆ ಓಡಿ ಬಂದಾಳ, ನೀ ಹೊಳ್ಳಿ ಸುದ್ದಾ ನೋಡಿಲ್ಲ" ಎಂದು ಬಾಯಿಗೆ ಬಂದಂತೆ ಅಂದು, ಒಂದು ತಿಂಗಳಿಂದ ಅಪ್ಪನ ಜೊತೆ ಮಾತು ಬಿಟ್ಟಿದ್ದಳು.

"ಆಕಿ ಓಡಿಲ್ಲ, ತಂಗಿ," ಎಂದರು ಕಾಕಾ. "ಓಡಾಕ ಬರತಿದ್ದಿಲ್ಲ ಆಕಿಗೆ. ಎಡಗಾಲು ಮಣಕಾಲದಾಗ ಮಡಚತಿದ್ದಿಲ್ಲ. ಜೋರ ಓಡಾಕತ್ತಿದ್ದು ಫಿಲ್ಮು, ಆಕಿ ಅಲ್ಲ. ಅದರ ಖರೇ ಸ್ಪೀಡ ಹಚ್ಚಿ ಕೊಡು. ನಾಕು ಗಂಟೆಕ್ಕ ಮಗಳಿಗೆ ಇಲ್ಲೇ ಬಾ ಅಂದೇನಿ. ಹಾವೇರ್ಯಾಗ ತೋರಿಸಿದ್ರ ಊರ ತುಂಬ ಮಾತಾಗತೈತಿ."

ಅವರ ಕಷ್ಟ ನನಗೆ ತಿಳಿಯಿತು. ಇದ್ದೊಬ್ಬ ಮಗಳು. ಒಂದು ಸೈಬರ್ ಕೆಫೆಯವನ ಬೆರಳು ತಪ್ಪಿ ಒತ್ತಿದ್ದಕ್ಕೆ ಅಪ್ಪ ಕೊಲೆಗಾರನಾಗಿ ಕುಳಿತಿದ್ದಾನಲ್ಲ ಎನಿಸಿತು. "ಇದು ಐದು ನಿಮಿಷದ ಕೆಲಸ ಕಾಕಾ, ನೀವು ಆರಾಮ ಕುಂದರ್ರಿ" ಎಂದು ಧೈರ್ಯ ಹೇಳಿ ಸಿ.ಡಿ. ಹಾಕಿದೆ. ನಾನು ಅಂದುಕೊಂಡದ್ದೇ ಸರಿ. ಒಟ್ಟು ನಾಲ್ಕೂವರೆ ಸಾವಿರ ಫ್ರೇಮು, ಧ್ವನಿ ಮುನ್ನೂರು ಸೆಕೆಂಡು. ಅಲ್ಲಿಗೆ ಸೆಕೆಂಡಿಗೆ ಹದಿನೈದು. ಫೈಲಿನ ತಲೆಯಲ್ಲಿ ಮಾತ್ರ ಇಪ್ಪತ್ತೈದು ಎಂದು ಸುಳ್ಳು ಬರೆದಿತ್ತು. ಅದನ್ನು ತಿದ್ದಿ ಹದಿನೈದು ಮಾಡಿ ಓಡಿಸಿದೆ. ಪೂಜೆಗೆ ಬಂದ ಅಯ್ಯನವರ ಮಂತ್ರ ಅವರ ತುಟಿಗೆ ಸರಿಯಾಗಿ ಕುಳಿತಿತು. ತೆಂಗಿನಕಾಯಿ ಒಡೆದ ಕ್ಷಣಕ್ಕೇ ಅದರ ಸದ್ದು ಬಂತು. ನಾನು ಹೆಮ್ಮೆಯಿಂದ ಕಾಕಾನ ಮುಖ ನೋಡಿದೆ.

ಮೂರು ನಿಮಿಷ ಕಳೆಯುವ ಹೊತ್ತಿಗೆ ಬಾಗಿಲಲ್ಲಿ ನೀಲವ್ವ ಕಾಣಿಸಿದರು. ಹಸಿರು ಇಲಕಲ್ ಸೀರೆ, ತಲೆ ಮೇಲೆ ಸೆರಗು. ಮುಂದುಗಡೆ ಕುರ್ಚಿಯಲ್ಲಿ ಕಾಕಾ, ಅವರ ಎದುರಿಗೆ ಇಬ್ಬರು ಗೆಳೆಯರ ಬೆನ್ನು. ಮೂಲೆಯಲ್ಲಿ ಒಬ್ಬ ಹೆಣ್ಣುಮಗಳು ಗ್ಲಾಸುಗಳಿಗೆ ನೀರು ಹಾಕುತ್ತಿದ್ದಳು. ನೀಲವ್ವ ಹೊಸ್ತಿಲು ದಾಟಿ ಸರಸರ ಬಂದು ಕುರ್ಚಿಯ ಹಿಂದೆ ಮುಟ್ಟಿದರು. ಅಷ್ಟರಲ್ಲಿ ಕ್ಯಾಮೆರಾ ಅಯ್ಯನವರ ಕಡೆ ತಿರುಗಿತು.

"ಇನ್ನೂ ಜೋರ ಐತಿ, ತಂಗಿ," ಎಂದರು ಕಾಕಾ.

"ಇಲ್ರಿ ಕಾಕಾ, ಧ್ವನಿ ಸರಿಯಾಗಿ ಕೂಡೇತಿ ನೋಡ್ರಿ. ಇದ ಖರೇ ಸ್ಪೀಡು."

ಅವರು ಒಪ್ಪಲಿಲ್ಲ. "ಐವತ್ತು ವರ್ಷ ಆಕಿ ಹೆಜ್ಜಿ ಸಪ್ಪಳ ಕೇಳೇನಿ" ಎಂದು ಕಣ್ಣು ಮುಚ್ಚಿ, ಕೋಲಿನಿಂದ ನೆಲ ಕುಟ್ಟತೊಡಗಿದರು. ಟಕ್. ಟಕ್. ಟಕ್. ಗೋಡೆಯ ಗಡಿಯಾರ ನೋಡಿದೆ. ಸೆಕೆಂಡಿಗೆ ಒಂದು ಹೆಜ್ಜೆ, ಒಂದು ಕೂದಲೆಳೆ ಆಚೆ ಈಚೆ ಇಲ್ಲ. ಅವರ ಸಮಾಧಾನಕ್ಕೆ ನಾನು ಫ್ರೇಮಿನ ಲೆಕ್ಕ ಇಳಿಸುತ್ತ ಹೋದೆ. ಹದಿಮೂರು, ಹನ್ನೊಂದು, ಹತ್ತು. ಒಂಬತ್ತಕ್ಕೆ ಬಂದಾಗ ನೀಲವ್ವನ ಕಾಲೂ ಕಾಕಾನ ಕೋಲೂ ಒಂದಾದವು. ಆದರೆ ಮೂಲೆಯ ಹೆಣ್ಣುಮಗಳ ತಂಬಿಗೆಯಿಂದ ನೀರು ಎಣ್ಣೆಯ ಹಾಗೆ ನಿಧಾನ ಸುರಿಯುತ್ತಿತ್ತು. ಕುರ್ಚಿಯಲ್ಲಿದ್ದ ಕಾಕಾ ನಿದ್ದೆಗಣ್ಣಿನವರ ಹಾಗೆ ರೆಪ್ಪೆ ಬಡಿಯುತ್ತಿದ್ದರು.

ಮತ್ತೆ ಹದಿನೈದು ಮಾಡಿದೆ. ನೀರು ನೀರಾಯಿತು, ಜನ ಜನರಾದರು. ನೀಲವ್ವ ಮಾತ್ರ ಸರಸರ. ಆಗ ಮೊದಲ ಸಲ ಬೆನ್ನಹುರಿಯಲ್ಲಿ ಏನೋ ಹರಿದಂತಾಯಿತು. ಮುದುಕಿ ಅವಸರದಿಂದ ನಡೆದಿರಬಹುದು, ಅದರಲ್ಲಿ ವಿಚಿತ್ರವೇನು ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡೆ. ಆದರೆ ಕುಂಟುವವರು ಅವಸರ ಮಾಡಿದರೆ ಮೈ ಎಳೆದಾಡುತ್ತದೆ, ಕೈ ಗೋಡೆ ಹುಡುಕುತ್ತದೆ. ಇಲ್ಲಿ ಅದೊಂದೂ ಇರಲಿಲ್ಲ. ಮಡಚದ ಎಡಗಾಲನ್ನು ಸಾವಕಾಶ ಎತ್ತಿ, ಸೊಂಟ ಓರೆ ಮಾಡಿ, ಒಂದು ಉಸಿರು ನಿಂತು ಮತ್ತೆ ಮುಂದಿನ ಹೆಜ್ಜೆ ಇಡುವ ನಿಧಾನದ ನಡಿಗೆ ಅದು. ಆ ನಿಧಾನದ ನಡಿಗೆಯೇ ಜೋರಾಗಿ ಓಡುತ್ತಿತ್ತು. ಒಂದೇ ಫೈಲು, ಒಂದೇ ಚಿತ್ರ. ಅದರೊಳಗೆ ಎಲ್ಲರಿಗೂ ಒಂದು ಲೆಕ್ಕ, ಆಕೆಗೊಬ್ಬಳಿಗೇ ಬೇರೆ ಲೆಕ್ಕ ಇರಲು ಹೇಗೆ ಸಾಧ್ಯ?

ಕಾಕಾ ಕುರ್ಚಿಯನ್ನು ನನ್ನ ಹತ್ತಿರ ಎಳೆದುಕೊಂಡರು. ಆಮೇಲೆ ದನಿ ತಗ್ಗಿಸಿ, "ಅಷ್ಟ ತುಣುಕು ಸಾವಕಾಶ ಮಾಡಾಕ ಬರೂದಿಲ್ಲೇನು ನಿನಗ? ಮದವಿ ವಿಡಿಯೋದಾಗ ಮಾಡ್ತೀರಲ್ಲ?" ಎಂದರು. ಬರುತ್ತದೆ. ಅದು ನಮ್ಮ ನಿತ್ಯದ ಸುಳ್ಳು. ಬರೀ ಆ ಕೆಲವು ಸೆಕೆಂಡು, ಅಲ್ಲಿ ಯಾರ ಮಾತೂ ಸ್ಪಷ್ಟ ಕೇಳುವುದಿಲ್ಲ, ಯಾರಿಗೂ ಗೊತ್ತಾಗದು. ತಂದೆ ಮಗಳು ಒಂದಾಗುವುದಾದರೆ ಆಗಲಿ ಎಂದುಕೊಂಡು ಹೂಂ ಎಂದೆ. ಅದು ನಾನು ಮಾಡಿದ ತಪ್ಪೋ ಅಲ್ಲವೋ ಇವತ್ತಿಗೂ ತಿಳಿಯದು.

ತುಣುಕನ್ನು ಕತ್ತರಿಸಬೇಕಾದರೆ ಅದು ಯಾವ ಫ್ರೇಮಿನಿಂದ ಯಾವ ಫ್ರೇಮಿನ ತನಕ ಎಂದು ಗುರುತು ಹಾಕಿಕೊಳ್ಳಬೇಕು. ಬಾಣದ ಗುಂಡಿ ಒತ್ತಿದರೆ ಒಂದೊಂದೇ ಫ್ರೇಮು ಮುಂದೆ ಹೋಗುತ್ತದೆ, ಪರದೆಯ ಕೆಳಗೆ ಅದರ ನಂಬರು ಕಾಣುತ್ತದೆ. ಹೊಸ್ತಿಲು ದಾಟಿದ್ದರಿಂದ ಕುರ್ಚಿ ಮುಟ್ಟುವ ತನಕ ಹದಿನಾಲ್ಕು ಹೆಜ್ಜೆ, ನೂರಾ ಇಪ್ಪತ್ತಾರು ಫ್ರೇಮು. ಅದಾಗಿ ಒಂಬತ್ತು ಫ್ರೇಮಿಗೆ ಕ್ಯಾಮೆರಾ ತಿರುಗುತ್ತದೆ. ಅಂದರೆ ಆಕೆ ಕುರ್ಚಿ ಮುಟ್ಟಿ ಮುಕ್ಕಾಲು ಸೆಕೆಂಡೂ ಕಾಣುವುದಿಲ್ಲ. ಇಷ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಕತ್ತರಿಸುವ ಮೊದಲು ಮತ್ತೊಮ್ಮೆ ಎಣಿಸುವುದು ನನ್ನ ರೂಢಿ. ಎಣಿಸಿದೆ. ನೂರಾ ಹದಿಮೂರು ಬಂತು.

ತಪ್ಪು ಎಣಿಸಿದೆ ಎಂದುಕೊಂಡು ಹಿಂದಕ್ಕೆ ಹೋಗಿ ನೋಡಿದೆ. ಹದಿನಾಲ್ಕೇ ಹೆಜ್ಜೆ, ಹೊಸ್ತಿಲಿನ ಫ್ರೇಮಿನ ನಂಬರು ಮೊದಲಿನದೇ. ಕ್ಯಾಮೆರಾ ತಿರುಗುವ ಫ್ರೇಮಿನ ನಂಬರೂ ಮೊದಲಿನದೇ. ಆಕೆ ಕುರ್ಚಿ ಮುಟ್ಟುವುದು ಮಾತ್ರ ಬೇಗ ಆಗಿತ್ತು. ಬೇಗ ಮುಟ್ಟಿದ್ದರಿಂದ, ಕ್ಯಾಮೆರಾ ತಿರುಗುವ ಮೊದಲು ಒಂದೂವರೆ ಸೆಕೆಂಡಿನಷ್ಟು ಜಾಗ ಉಳಿದಿತ್ತು. ಆ ಜಾಗದಲ್ಲಿ ನೀಲವ್ವ ಬಲಗೈ ಎತ್ತಿ ಗಂಡನ ಹೆಗಲ ಮೇಲೆ ಇಟ್ಟರು.

ಪಕ್ಕಕ್ಕೆ ನೋಡಿದರೆ ಕಾಕಾನ ಕೋಲು ನಿಂತಿತ್ತು.

"ಇದು ಮೊದಲ ಇದ್ದಿಲ್ಲ," ಎಂದರು.

"ಕಂಪ್ಯೂಟರು ಹ್ಯಾಂಗ್ ಆಗಿರಬೇಕ್ರಿ ಕಾಕಾ" ಎಂದು ನನಗೇ ನಂಬಿಕೆಯಿಲ್ಲದ ಮಾತು ಆಡಿದೆ. ಕಂಪ್ಯೂಟರಿನಲ್ಲಿದ್ದ ಪ್ರತಿಯನ್ನು ಅಳಿಸಿ ಮತ್ತೆ ಸಿ.ಡಿ.ಯಿಂದ ತೆಗೆದುಕೊಂಡೆ. ಒಮ್ಮೆ ಬರೆದ ಸಿ.ಡಿ. ಎಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ, ಅದನ್ನು ಯಾರೂ ಬದಲಾಯಿಸಲು ಬರುವುದಿಲ್ಲ. ಫೈಲಿನ ಗಾತ್ರ ಅಷ್ಟೇ, ತಾರೀಖು ಅದೇ, ಒಟ್ಟು ಫ್ರೇಮು ನಾಲ್ಕೂವರೆ ಸಾವಿರವೇ. ದಿನಾ ಮೂರು ಗಂಟೆಗೆ ತಪ್ಪದೆ ಹೋಗುವ ಕರೆಂಟಾದರೂ ಹೋಗಬಾರದೇ ಎಂದು ಶಿವನನ್ನು ಬೇಡಿಕೊಂಡೆ. ಅವತ್ತು ಹೋಗಲಿಲ್ಲ. ಹೊರಗೆ ಧಗಧಗ ಬಿಸಿಲು, ಕೆಳಗೆ ಕಂಡಕ್ಟರುಗಳು ಕುಪ್ಪೇಲೂರು, ಕುಪ್ಪೇಲೂರು ಎಂದು ಕೂಗುತ್ತಿದ್ದರು. ಆ ಬೆಳಕಿನಲ್ಲಿ, ಆ ಗದ್ದಲದಲ್ಲಿ ನನ್ನ ಕೈ ಮಂಜುಗಡ್ಡೆಯಾಗಿತ್ತು.

ಮೂರನೆಯ ಸಲ ತೊಂಬತ್ತೇಳು.

ಹೊಸ್ತಿಲು ದಾಟಿದ್ದೇ ತಡ, ಆಕೆ ಗಾಳಿಯ ಹಾಗೆ ಬಂದುಬಿಟ್ಟರು. ನೀರು ಹಾಕುವವಳ ಒಂದು ಗ್ಲಾಸು ತುಂಬುವುದರೊಳಗೆ ಕುರ್ಚಿಯ ಹಿಂದೆ ನಿಂತಿದ್ದರು. ಕ್ಯಾಮೆರಾ ತಿರುಗಲು ಇನ್ನೂ ಎರಡೂವರೆ ಸೆಕೆಂಡು ಇತ್ತು. ಕೈ ಎತ್ತಿದರು, ಹೆಗಲ ಮೇಲಿಟ್ಟರು. ಬಾಯಿ ಆಡಿಸಿದರು. ಕುರ್ಚಿಯಲ್ಲಿದ್ದ ಕಾಕಾ ಹಿಂದಕ್ಕೆ ತಿರುಗಲೇ ಇಲ್ಲ. ಎದುರಿನವರ ಜೊತೆ ನಗುನಗುತ್ತ ಮಾತಾಡುತ್ತಲೇ, ಹೆಗಲ ಮೇಲಿನ ಕೈಯನ್ನು ನೊಣ ಓಡಿಸಿದಂತೆ ಎಡಗೈಯಿಂದ ಸರಿಸಿದರು. ಕ್ಯಾಮೆರಾ ತಿರುಗಿತು.

ನಾನು ಕಿರುಚಿದೆನೋ ಏನೋ ನೆನಪಿಲ್ಲ. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಗೋಡೆಗೆ ಆತು ನಿಂತಿದ್ದೆ. ಮೈಮೇಲೆ ಮುಳ್ಳು ಎದ್ದಿದ್ದವು. ಆಕೆ ಅವಸರ ಮಾಡುತ್ತಿದ್ದುದು ಯಾಕೆ ಎಂದು ನನಗೆ ಆಗ ಹೊಳೆದಿತ್ತು. ಕ್ಯಾಮೆರಾ ತಿರುಗುವ ಮೊದಲು ಬಂದು ಮುಟ್ಟಬೇಕಿತ್ತು ಆಕೆಗೆ. ಅದನ್ನು ಕಾಣಿಸಬೇಕಿತ್ತು. ನಾಲ್ಕನೆಯ ಸಲ ಹಾಕಿದರೆ ಇನ್ನೂ ಬೇಗ ಬರುತ್ತಾಳೆ, ಐದನೆಯ ಸಲ ಇನ್ನೂ ಬೇಗ. ಆಮೇಲೆ ಉಳಿದ ಹೊತ್ತಿನಲ್ಲಿ ಏನು ಮಾಡುತ್ತಾಳೋ. ಕುರ್ಚಿಯ ಹತ್ತಿರ ಹೋಗಲು ಮನಸ್ಸಾಗದೆ ಅಲ್ಲೇ ಕೆಳಗೆ ಕುಳಿತೆ.

ಕಾಕಾನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಬಂದ್ ಮಾಡು, ಯವ್ವಾ, ನಿನ್ನ ಕಾಲಿಗೆ ಬೀಳತೇನಿ, ಬಂದ್ ಮಾಡು," ಎಂದರು. ಹೇಗೋ ಕೈ ಚಾಚಿ ಪರದೆ ಆರಿಸಿದೆ. ಆಮೇಲೆ ಅವರೇ ಹೇಳಿದರು, ನಾನು ಕೇಳಲಿಲ್ಲ.

"ಬಂದಿದ್ಲು. ‘ಎದಿ ಹಿಡದಂಗ ಆಗಾಕತ್ತೈತ್ರಿ, ಹೊರಗ ಕರಕೊಂಡು ನಡೀರಿ’ ಅಂದ್ಲು. ‘ತಡಿ, ಮಂದಿ ಕುಂತಾರ’ ಅಂದೆ. ಬರೇ ಆ ವರ್ಷದ ಮಾಲಿನ ಮಾತು ನಡದಿತ್ತು ತಂಗಿ, ಅದೇನ ದೊಡ್ಡ ಮಾತಲ್ಲ. ಹೊಳ್ಳಿ ನೋಡಲಿಲ್ಲ ನಾ. ಯಾರಿಗೂ ಹೇಳಿಲ್ಲ. ಕ್ಯಾಮೆರಾ ಹೊಳ್ಳಿತ್ತು, ಯಾರೂ ನೋಡಿಲ್ಲ ಅಂತ ತಿಳಕೊಂಡಿದ್ದೆ."

ಆ ಮುದುಕರ ಮೇಲೆ ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಇಬ್ಬರೂ ಒಂದೇ ದೋಣಿಯಲ್ಲಿ ಕುಳಿತವರ ಹಾಗೆ ಹೆದರಿ ಕುಳಿತಿದ್ದೆವು. ಮೆಟ್ಟಿಲ ಮೇಲೆ ಸಪ್ಪಳವಾದಾಗ ಇಬ್ಬರಿಗೂ ಜೀವ ಹಾರಿತು. ನಾಲ್ಕು ಗಂಟೆಯಾಗಿತ್ತು. ಬಂದವಳು ಶಾರದಾ.

ನನ್ನ ವಯಸ್ಸಿನವಳೇ, ಮೂವತ್ತರ ಹತ್ತಿರ. ಅಪ್ಪನ ಮುಖ ನೋಡದೆ ನನ್ನನ್ನೇ ಕೇಳಿದಳು: "ಆತೇನ್ರಿ ರಿಪೇರಿ? ಏನ ಐತಿ ಅದರಾಗ, ತೋರಸ್ರಿ." ನಾನು ಕಾಕಾನ ಮುಖ ನೋಡಿದೆ. ತುಣುಕು ನಿಧಾನ ಮಾಡಿರಲಿಲ್ಲ, ಏನೂ ಮಾಡಿರಲಿಲ್ಲ. ಈಗ ಹಾಕಿದರೆ ಮಗಳು ಎಲ್ಲವನ್ನೂ ನೋಡುತ್ತಾಳೆ. ಕೆಟ್ಟು ಹೋಗಿದೆ ಎಂದು ಹೇಳಿ ಸಿ.ಡಿ. ಮುರಿದುಹಾಕುವಷ್ಟು ಧೈರ್ಯವೂ ನನಗಿರಲಿಲ್ಲ.

ಕಾಕಾ ಕೋಲೂರಿ ಎದ್ದು ನಿಂತರು. "ಶಾರವ್ವಾ, ಅದನ್ನ ಹಾಕೂಕಿಂತ ಮೊದಲ ನನ್ನ ಮಾತ ಕೇಳು. ನೀ ಅಂದದ್ದ ಖರೇ. ನಿಮ್ಮವ್ವ ಬಂದು ಹೆಗಲ ಮುಟ್ಟಿದ್ಲು. ನಾ ಕೈ ಸರಿಸಿದೆ." ಉಳಿದದ್ದನ್ನೂ ಒಂದು ಶಬ್ದ ಬಿಡದೆ ಹೇಳಿದರು. ಹೇಳುವಾಗ ಅವರ ಕಣ್ಣು ಮಗಳ ಮೇಲಿರಲಿಲ್ಲ, ಆರಿದ ಪರದೆಯ ಮೇಲಿತ್ತು. ಅವರು ಹೇಳಿದ್ದು ಪಶ್ಚಾತ್ತಾಪದಿಂದಲೋ, ಆಕೆ ಮತ್ತೆ ಓಡಿ ಬಂದಾಳು ಎನ್ನುವ ಹೆದರಿಕೆಯಿಂದಲೋ ನನಗೆ ಗೊತ್ತಿಲ್ಲ. ಎರಡೂ ಇರಬೇಕು.

ಶಾರದಾ ಅಳಲಿಲ್ಲ, ಬೈಯಲೂ ಇಲ್ಲ. ಸೆರಗಿನ ತುದಿ ಹಿಡಿದು ತಿರುವುತ್ತ ನಿಂತಿದ್ದಳು. ಕಡೆಗೆ ಸೆರಗು ಬಿಟ್ಟು, "ಹಾಕ್ರಿ" ಎಂದಳು. ಹಾಕಿದೆ. ಹದಿನೈದಕ್ಕೇ ಹಾಕಿದೆ.

ಅಯ್ಯನವರ ಮಂತ್ರ ಬಂತು, ತೆಂಗಿನಕಾಯಿ ಒಡೆಯಿತು. ನೀಲವ್ವ ಬಾಗಿಲಿಗೆ ಬಂದರು. ನಾನು ಮೇಜಿನ ಅಂಚು ಗಟ್ಟಿಯಾಗಿ ಹಿಡಿದುಕೊಂಡೆ. ಆಕೆ ಹೊಸ್ತಿಲು ದಾಟಿ ಒಂದು ಹೆಜ್ಜೆ ಇಟ್ಟರು. ನಿಂತರು. ಇನ್ನೊಂದು ಹೆಜ್ಜೆ. ಎಡಗಾಲು ಸಾವಕಾಶ ಎತ್ತಿ, ಸೊಂಟ ಓರೆ ಮಾಡಿ, ಸೆಕೆಂಡಿಗೆ ಒಂದು ಹೆಜ್ಜೆ. ಮೂಲೆಯಲ್ಲಿ ನೀರು ನೀರಿನ ಹಾಗೇ ಸುರಿಯುತ್ತಿತ್ತು. ಎಲ್ಲರೂ ಸರಿಯಾಗಿದ್ದರು, ಆಕೆಯೂ ಸರಿಯಾಗಿದ್ದರು. ಒಂಬತ್ತು ಹೆಜ್ಜೆ ಆಗುವಷ್ಟರಲ್ಲಿ ಕ್ಯಾಮೆರಾ ತಿರುಗಿಬಿಟ್ಟಿತು. ಕುರ್ಚಿಗೆ ಇನ್ನೂ ಐದು ಹೆಜ್ಜೆ ಇತ್ತು.

ಶಾರದಾ ನನ್ನ ಕಡೆ ತಿರುಗಿದಳು. "ಅವ್ವ ಓಡಿಲ್ಲಲ್ರಿ. ಎಂದಿನಂಗ ಬರಾಕತ್ತಾಳ. ನೀವೇನರ ಮಾಡೀರೇನ್ರಿ ಇದನ್ನ?"

"ಇಲ್ಲವಾ," ಎಂದೆ.

ಅವಳು ಅಪ್ಪನನ್ನು ನೋಡಿದಳು. ಸುಮ್ಮನಿದ್ದಿದ್ದರೆ ಅವರು ಗೆದ್ದುಬಿಡುತ್ತಿದ್ದರು, ಬೇಕಾದ ಸಾಕ್ಷಿ ಕಣ್ಣೆದುರಿಗೇ ಇತ್ತು. ಅದು ಅವಳಿಗೂ ತಿಳಿಯಿತು. "ಸುಮ್ಮನ ಇರಬೇಕಿತ್ತಿಲ್ಲೋ ಅಪ್ಪಾ ನೀ," ಎಂದಳು, ಆಗ ಅತ್ತಳು. ಮೆಟ್ಟಿಲಿಳಿಯುವಾಗ ಅವರ ಮೊಳಕೈ ಹಿಡಿದುಕೊಂಡೇ ಇಳಿದಳು. ಅದಕ್ಕೂ ಮೊದಲು ಹೊಸ ಸಿ.ಡಿ. ಮಾಡಿ ಕೊಟ್ಟಿದ್ದೆ. ಹಳೆಯದನ್ನು ಇಬ್ಬರೂ ನನ್ನ ಮೇಜಿನ ಮೇಲೇ ಬಿಟ್ಟು ಹೋದರು.

ಸಂಜೆ ಯಜಮಾನರು ಬಂದಾಗ ಎಲ್ಲವನ್ನೂ ಹೇಳಿದೆ. ಅವರು ಹಳೆಯ ಸಿ.ಡಿ. ಹಾಕಿ ಎಣಿಸಿದರು. ಒಂಬತ್ತು ಹೆಜ್ಜೆ, ಕ್ಯಾಮೆರಾ ತಿರುಗಿತು. ಕೈಯೂ ಇಲ್ಲ, ಹೆಗಲೂ ಇಲ್ಲ. "ಬ್ಯಾಡಗಿ ಘಾಟು ತಲಿಗೇರೇತಿ ನಿನಗ" ಎಂದು ನಕ್ಕರು. ಆಮೇಲೆ ಸಮಾಧಾನಕ್ಕೆ, ಮೊಬೈಲುಗಳು ಬೆಳಕು ಕಡಿಮೆಯಾದಾಗ ಫ್ರೇಮು ಕಡಿಮೆ ಹಿಡಿಯುತ್ತವೆ, ಅದರಿಂದ ಲೆಕ್ಕ ಏರುಪೇರಾಗುತ್ತದೆ ಎಂದು ವಿವರಿಸಿದರು. ನನಗೆ ಗೊತ್ತಿಲ್ಲದ್ದೇನೂ ಅದಲ್ಲ. ಲೆಕ್ಕ ಏರುಪೇರಾದರೆ ಚಿತ್ರದಲ್ಲಿರುವ ಎಲ್ಲರಿಗೂ ಆಗಬೇಕು, ಒಬ್ಬಳಿಗೇ ಹೇಗೆ ಆಗುತ್ತದೆ? ನೋಟ್‌ಬುಕ್ಕಿನಲ್ಲಿ ನೂರಾ ಇಪ್ಪತ್ತಾರು, ನೂರಾ ಹದಿಮೂರು, ತೊಂಬತ್ತೇಳು ಎಂದು ನನ್ನದೇ ಅಕ್ಷರದಲ್ಲಿ ಇತ್ತು. ಒಂದಕ್ಕಿಂತ ಒಂದು ಅಕ್ಷರ ಹೆಚ್ಚು ಸೊಟ್ಟಗಾಗಿತ್ತು.

ಎರಡು ವರ್ಷದ ನಂತರ ಕಾಕಾ ತೀರಿಕೊಂಡರೆಂದು ಶಾರದಾ ಫೋನ್ ಮಾಡಿದಳು. ಅಪ್ಪ ಅವ್ವ ಕೂಡಿ ತೆಗೆಸಿದ ಒಳ್ಳೆಯ ಫೋಟೊ ಇಲ್ಲವಂತೆ. "ಆ ವಿಡಿಯೋದಾಗ ಇಬ್ಬರೂ ಹತ್ತಿರ ಹತ್ತಿರ ಇರೂ ಕಡೆ ನೋಡಿ ಒಂದು ಫೋಟೊ ತಗದು ಕೊಡ್ರಿ, ಅಕ್ಕಾರ. ನನ್ನ ಸಿ.ಡಿ. ಗೀಚಿ ಹೋಗೇತಿ" ಎಂದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ. ಹಳೆಯ ಸಿ.ಡಿ.ಯನ್ನು ಕಪಾಟಿನಿಂದ ತೆಗೆದು ಯಜಮಾನರ ಕೈಗೆ ಕೊಟ್ಟು, ನಾನು ಬಾಗಿಲಲ್ಲಿ ಬೆನ್ನು ಮಾಡಿ ನಿಂತೆ. ಕ್ಯಾಮೆರಾ ತಿರುಗುವ ಮೊದಲಿನ ಕಡೆಯ ಫ್ರೇಮು ತೆಗೆಯಿರಿ, ಇಬ್ಬರ ನಡುವೆ ಐದು ಹೆಜ್ಜೆ ಇರುತ್ತದೆ, ಅದೇ ಹತ್ತಿರ ಎಂದು ಹೇಳಿದೆ.

ಗುಂಡಿ ಒತ್ತುವ ಸಪ್ಪಳ ಸ್ವಲ್ಪ ಹೊತ್ತು ಕೇಳಿಸಿತು, ಆಮೇಲೆ ನಿಂತಿತು.

"ಐದ ಹೆಜ್ಜಿ ಎಲ್ಲೈತಿ ಮಾರಾಯ್ತಿ," ಎಂದರು ಯಜಮಾನರು, ಏನೂ ವಿಶೇಷವಿಲ್ಲದ ದನಿಯಲ್ಲಿ. "ಕಾಕಾ ಕುರ್ಚಿ ಬಿಟ್ಟು ಎದ್ದು, ಬಾಗಲ ಕಡೆ ಹೊಳ್ಳಿ ನಿಂತಾನಲ್ಲ. ಆಕಿ ಮಗ್ಗಲಕ್ಕ ಅದಾನ. ಚೊಲೊ ಬಂದೈತಿ. ಇದನ್ನ ತಗೀಲೇನು?"

ಆ ವಿಡಿಯೊದಲ್ಲಿ ಕಾಕಾ ಒಂದು ಸಲವೂ ಎದ್ದಿರಲಿಲ್ಲ. ಎರಡು ವರ್ಷದ ಹಿಂದೆ ಒಮ್ಮೆ ನೋಡಿದ್ದ ಯಜಮಾನರಿಗೆ ಅದು ಮರೆತಿತ್ತು, ನನಗೆ ಮರೆತಿರಲಿಲ್ಲ. ನಾನು ತಿರುಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ತಗೀರಿ" ಎಂದೆ. ಪ್ರಿಂಟು ಹಾಕಿ, ಲಕೋಟೆಯಲ್ಲಿಟ್ಟು, ಹಾವೇರಿಗೆ ಕಳಿಸಿದವರೂ ಅವರೇ. ಶಾರದಾ ಫೋಟೊಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ್ದಾಳಂತೆ, ಒಮ್ಮೆ ಬನ್ನಿ ಎಂದು ಈಗಲೂ ಕರೆಯುತ್ತಾಳೆ. ಹಾವೇರಿಗೆ ಅದೆಷ್ಟೋ ಸಲ ಹೋಗಿದ್ದೇನೆ. ಅವಳ ಮನೆಯ ಓಣಿಯ ತನಕವೂ ಒಂದು ಸಲ ಹೋಗಿ ಹಿಂದಿರುಗಿದ್ದೇನೆ. ಆ ಫೋಟೊ ನಾನಿನ್ನೂ ನೋಡಿಲ್ಲ.